ಸಂಜೆ 7ರ ಸೊಳ್ಳೆ: ಗೋಡೆಗೆ ಹೊಡೆದ ಡಿಡಿಟಿ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗಲೆಂದು ಉಪಶೀರ್ಷಿಕೆಗಳನ್ನು ಸೇರಿಸಲಾಗಿದೆ.)

ಇವತ್ತಿನ ಕಥೆಯಲ್ಲಿ ರಾಜರಿಲ್ಲ, ಯುದ್ಧವೂ ಹೆಚ್ಚಿಲ್ಲ. ಒಂದು ಗೋಡೆ ಇದೆ, ಒಂದು ಗಡಿಯಾರ ಇದೆ, ಮತ್ತೆ ಒಂದು ಸೊಳ್ಳೆ ಇದೆ.

ಮೊದಲು ಒಂದು ಒಗಟು. ಪೆಸಿಫಿಕ್ ಸಾಗರದಲ್ಲಿ, ಆಸ್ಟ್ರೇಲಿಯಾದ ಈಶಾನ್ಯಕ್ಕೆ ಸಾಲೊಮನ್ ದ್ವೀಪಗಳಿವೆ. 1970ರ ದಶಕದಲ್ಲಿ ಇದು ಬ್ರಿಟಿಷರ ಆಡಳಿತದಲ್ಲಿದ್ದ ಪುಟ್ಟ ಪ್ರದೇಶ. ಜನಸಂಖ್ಯೆ ಒಂದೂವರೆ ಲಕ್ಷದ ಮೇಲೆ ತುಸು. ಅಲ್ಲಿ ಮಲೇರಿಯಾ ನಿರ್ಮೂಲನೆಗೆ ಅಂತ ಮನೆಮನೆಗೂ ಹೋಗಿ ಗೋಡೆಗೆ ಡಿಡಿಟಿ ಹೊಡೆದರು. ಕೆಲಸ ಶಿಸ್ತಾಗಿಯೇ ನಡೀತು. ಕಾಯಿಲೆ ಇಳೀತು. ಆದರೆ ಪೂರ್ತಿ ಹೋಗಲಿಲ್ಲ. ಸೊಳ್ಳೆಯ ದೇಹಕ್ಕೆ ಡಿಡಿಟಿ ಅಭ್ಯಾಸ ಆಗಿಹೋಯ್ತಾ ಅಂತ ಪರೀಕ್ಷೆ ಮಾಡಿ ನೋಡಿದರೆ, ಇಲ್ಲ! ಔಷಧಿ ತಗುಲಿಸಿದರೆ ಸೊಳ್ಳೆ ಸಾಯ್ತಾ ಇತ್ತು.

ಔಷಧಿ ಸರಿ ಇದೆ, ಹೊಡೆದದ್ದೂ ಸರಿ ಇದೆ, ಸೊಳ್ಳೆ ಸಾಯುತ್ತೆ ಕೂಡ. ಆದರೂ ಕಾಯಿಲೆ ಉಳಿದಿದೆ. ಹೇಗೆ?

ಉತ್ತರ ಸಿಗಬೇಕಾದರೆ ನಾವು ಗೋಡೆಯಿಂದಲೇ ಶುರು ಮಾಡಬೇಕು.

ಗೋಡೆ ಯಾಕೆ?

ಡಿಡಿಟಿ ಅನ್ನೋ ರಾಸಾಯನಿಕಕ್ಕೆ ಕೀಟ ಕೊಲ್ಲುವ ಶಕ್ತಿ ಇದೆ ಅಂತ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಕಂಡುಕೊಂಡದ್ದು 1939ರಲ್ಲಿ. 1948ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೂ ಮುಂಚೆ ಸೊಳ್ಳೆಗೆ ಹೊಡೆಯುವ ಔಷಧಿ ಇರಲಿಲ್ಲ ಅಂತಲ್ಲ. ಪೈರೆಥ್ರಮ್ ಅಂತ ಒಂದು ಜಾತಿಯ ಸೇವಂತಿಗೆ ಹೂವಿನಿಂದ ತೆಗೆದ ಔಷಧಿ ಇತ್ತು. ಆದರೆ ಅದು ಗಾಳಿಯಲ್ಲಿ ಹೊಡೆದಾಗ ಇರೋ ಸೊಳ್ಳೆ ಕೊಂದು, ಬೇಗನೇ ಮಾಯ ಆಗ್ತಿತ್ತು. ಮತ್ತೆ ಮತ್ತೆ ಹೊಡೀತಾನೇ ಇರಬೇಕು. ಡಿಡಿಟಿಯ ಹೊಸತನ ಏನಂದ್ರೆ, ಗೋಡೆಗೆ ಒಮ್ಮೆ ಹೊಡೆದರೆ ತಿಂಗಳುಗಟ್ಟಲೆ ಅಲ್ಲೇ ಅಂಟಿಕೊಂಡು ಕೂತಿರುತ್ತೆ. ನೀವು ಸೊಳ್ಳೆ ಹುಡುಕಿಕೊಂಡು ಹೋಗಬೇಕಿಲ್ಲ, ಸೊಳ್ಳೆಯೇ ಗೋಡೆ ಹುಡುಕಿಕೊಂಡು ಬರುತ್ತೆ.

ಯಾಕೆ ಬರುತ್ತೆ? ಮಲೇರಿಯಾ ಹರಡೋದು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ. ಮೊಟ್ಟೆ ಬೆಳೆಯೋಕೆ ಅದಕ್ಕೆ ರಕ್ತ ಬೇಕು. ಒಮ್ಮೆ ಹೊಟ್ಟೆ ತುಂಬಾ ರಕ್ತ ಹೀರಿದರೆ ಅದರ ತೂಕ ಎಷ್ಟು ಹೆಚ್ಚುತ್ತೆ ಅಂದ್ರೆ ದೂರ ಹಾರೋಕೆ ಆಗಲ್ಲ. ಮದುವೆ ಊಟ ಮುಗಿಸಿ ಛತ್ರದ ಕಂಬಕ್ಕೆ ಒರಗಿ ಕೂತ ಹಾಗೆ, ಹತ್ತಿರದ ಗೋಡೆಯ ಮೇಲೆ ಕೂತು ಜೀರ್ಣಿಸಿಕೊಳ್ಳುತ್ತೆ. ಆ ಗೋಡೆಯಲ್ಲಿ ಡಿಡಿಟಿ ಇದ್ದರೆ ಕಾಲಿನ ಮೂಲಕ ಮೈಗೆ ಏರುತ್ತೆ. ಮುಗೀತು.

ಈಗ ನನ್ನ ಫೇವರಿಟ್ ಭಾಗ. ನಾನು ಓದಿದ್ದು ಕಾಮರ್ಸ್. ಬಯಾಲಜಿ ಹತ್ತನೇ ಕ್ಲಾಸಿಗೇ ಬಿಟ್ಟಿದ್ದು. ಆದರೆ ಈ ಕಥೆಯ ಹೃದಯದಲ್ಲಿರೋದು ಚಕ್ರಬಡ್ಡಿ!

ಮಲೇರಿಯಾ ರೋಗಿಯನ್ನು ಕಚ್ಚಿದ ತಕ್ಷಣ ಸೊಳ್ಳೆ ಅಪಾಯಕಾರಿ ಆಗಲ್ಲ. ರೋಗಾಣು ಅದರ ಹೊಟ್ಟೆಯಲ್ಲಿ ಬೆಳೆದು, ಜೊಲ್ಲಿನ ಗ್ರಂಥಿಗೆ ಬಂದು ಸೇರೋಕೆ ಹತ್ತು ಹನ್ನೆರಡು ದಿನ ಬೇಕು. ಅಲ್ಲಿವರೆಗೂ ಸೊಳ್ಳೆ ಬದುಕಿರಬೇಕು. ಅಂದ್ರೆ ಮಲೇರಿಯಾ ಹರಡೋದು ಮುದಿ ಸೊಳ್ಳೆಗಳು ಮಾತ್ರ. ಬ್ರಿಟನ್ನಿನ ಜಾರ್ಜ್ ಮ್ಯಾಕ್‌ಡೊನಾಲ್ಡ್ 1950ರ ದಶಕದಲ್ಲಿ ಇದನ್ನೇ ಗಣಿತವಾಗಿ ಬರೆದರು.

ಒಂದು ಲೆಕ್ಕ ಮಾಡೋಣ. ಇದು ಉದಾಹರಣೆಗೆ ನಾನೇ ಇಟ್ಟುಕೊಂಡ ಅಂಕಿ. ದಿನಕ್ಕೆ 100ರಲ್ಲಿ 90 ಸೊಳ್ಳೆ ಬದುಕುಳಿಯುತ್ತವೆ ಅಂದುಕೊಳ್ಳಿ. ಹಾಗಾದರೆ 12 ದಿನ ಆದಮೇಲೆ 100ರಲ್ಲಿ ಉಳಿಯೋದು ಸುಮಾರು 28. ಈಗ ಗೋಡೆಗೆ ಔಷಧಿ ಹೊಡೆದಿರಿ, ದಿನಕ್ಕೆ ಬದುಕುಳಿಯೋದು 70ಕ್ಕೆ ಇಳೀತು. 12 ದಿನ ಆದಮೇಲೆ ಎಷ್ಟು ಉಳೀತವೆ? ಒಂದು, ಹೆಚ್ಚೆಂದರೆ ಎರಡು. ದಿನದ ಲೆಕ್ಕದಲ್ಲಿ ವ್ಯತ್ಯಾಸ ಚಿಕ್ಕದು, ಆದರೆ ಅದು ದಿನದಿನವೂ ಗುಣಿಸಿಕೊಂಡು ಹೋಗಿ ಕೊನೆಗೆ ಇಪ್ಪತ್ತು ಪಟ್ಟಾಗುತ್ತೆ. ಎಲ್ಲಾ ಸೊಳ್ಳೆ ಕೊಲ್ಲೋದು ಬೇಕಾಗೇ ಇಲ್ಲ, ಅವಕ್ಕೆ ವಯಸ್ಸಾಗೋಕೆ ಬಿಡದಿದ್ದರೆ ಸಾಕು.

ಈ ಲೆಕ್ಕ ಎಷ್ಟು ಚೆಂದ ಇತ್ತು ಅಂದ್ರೆ, 1955ರಲ್ಲಿ ಮೆಕ್ಸಿಕೊದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆ ಜಗತ್ತಿನಿಂದಲೇ ಮಲೇರಿಯಾ ನಿರ್ಮೂಲನೆ ಮಾಡೋಣ ಅಂತ ಹೊರಟಿತು. ಆಫ್ರಿಕಾದ ಬಹುಭಾಗವನ್ನು ಮಾತ್ರ ಆಗಲೇ ಬದಿಗಿಟ್ಟಿದ್ದರು. ಮುಖ್ಯ ಆಯುಧ ಮನೆಯೊಳಗಿನ ಗೋಡೆ.

ಆದರೆ ಈ ಲೆಕ್ಕದ ಕೆಳಗೆ ಮೂರು ಊಹೆಗಳು ಅಡಗಿದ್ದವು. ಒಂದು, ಸೊಳ್ಳೆ ಮನೆಯೊಳಗೆ ಕಚ್ಚುತ್ತೆ. ಎರಡು, ನಾವು ಮಲಗಿದ ಮೇಲೆ ಕಚ್ಚುತ್ತೆ. ಮೂರು, ಕಚ್ಚಿದ ಮೇಲೆ ಗೋಡೆಯ ಮೇಲೆ ಕೂರುತ್ತೆ. ಮೂರೂ ನಿಜವಾದ ಕಡೆ ಏನಾಯ್ತು ಅಂತ ನೋಡೋಕೆ ದೂರ ಹೋಗಬೇಕಿಲ್ಲ. ನಮ್ಮ ಉತ್ತರ ಕನ್ನಡಕ್ಕೆ ಬನ್ನಿ.

ಉತ್ತರ ಕನ್ನಡ, 1946

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ಚಳಿಜ್ವರದ ಕಥೆ ಇಲ್ಲದ ಮನೆ ಇರಲಿಕ್ಕಿಲ್ಲ. ಮೂರು ಕಂಬಳಿ ಹೊದ್ದರೂ ನಿಲ್ಲದ ನಡುಕ, ಹೊಟ್ಟೆಯಲ್ಲಿ ಜ್ವರಗಡ್ಡೆ, ಮಳೆಗಾಲ ಮುಗಿದಮೇಲೆ ಏಳಲಾಗದ ಆಳುಗಳು. ಈ ತಾಲೂಕುಗಳಲ್ಲಿ ಜನಸಂಖ್ಯೆಯೇ ಕುಸಿದು ತೋಟ ಗದ್ದೆಗಳು ಹಾಳುಬಿದ್ದ ಕಾಲವೊಂದಿತ್ತು.

ಇಲ್ಲಿ ಕಾಯಿಲೆ ಹರಡ್ತಿದ್ದದ್ದು ಅನಾಫಿಲಿಸ್ ಫ್ಲುವಿಯಾಟಿಲಿಸ್. ಹೆಸರು ಉದ್ದ ಇದೆ, ಆದರೆ ಸ್ವಭಾವ ಸರಳ. ಬೆಟ್ಟದ ಹಳ್ಳ, ಝರಿಗಳ ಅಂಚಿನ ಹರಿಯುವ ನೀರಲ್ಲಿ ಹುಟ್ಟುತ್ತೆ. ಮಲೆನಾಡಿನ ಹಳ್ಳಗಳನ್ನೆಲ್ಲ ಹುಡುಕಿ ಎಣ್ಣೆ ಸುರಿಯೋದು ಯಾರಿಂದ ಸಾಧ್ಯ? ಅದಕ್ಕೇ ಅಲ್ಲಿವರೆಗೂ ಈ ಸೊಳ್ಳೆಯನ್ನು ಹಿಡಿಯೋಕೆ ಆಗಿರಲಿಲ್ಲ. ಆದರೆ ಇದಕ್ಕೆ ಒಂದು ದೌರ್ಬಲ್ಯ ಇತ್ತು. ಮಲೆನಾಡಿನ ಈ ಸೊಳ್ಳೆಗೆ ಮನುಷ್ಯರ ರಕ್ತವೇ ಇಷ್ಟ. ರಾತ್ರಿ ಮನೆಯೊಳಗೆ ಬಂದು ಕಚ್ಚಿ, ಮನೆಯೊಳಗೇ ಕೂತು ವಿಶ್ರಾಂತಿ ತಗೋತಿತ್ತು.

ಉತ್ತರ ಕನ್ನಡ, ಧಾರವಾಡ ಎರಡೂ ಆಗ ಬಾಂಬೆ ಪ್ರಾಂತ್ಯದಲ್ಲಿದ್ದವು. 1946ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ನೇತೃತ್ವದಲ್ಲಿ ಈ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗೋಡೆಗೆ ಡಿಡಿಟಿ ಹೊಡೆಯೋದು ಶುರುವಾಯ್ತು. ಅವರ ಜೊತೆ ಕೆಲಸ ಮಾಡಿದವರು ಟಿ. ರಾಮಚಂದ್ರ ರಾವ್. ಮುಂದೆ ಭಾರತದ ಅನಾಫಿಲಿಸ್ ಸೊಳ್ಳೆಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ ಕೀಟತಜ್ಞ ಇವರು. ದೇಶದಲ್ಲಿ ಹಳ್ಳಿಗಾಡಿನ ಜನರಿಗಾಗಿ ಇಷ್ಟು ದೊಡ್ಡ ಮಟ್ಟದಲ್ಲಿ ಡಿಡಿಟಿ ಬಳಸಿದ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಫಲಿತಾಂಶ ಬೇಗನೇ ಕಾಣಿಸ್ತು. ಮನೆಯೊಳಗೆ ಸೊಳ್ಳೆ ಸಿಗೋದೇ ಕಷ್ಟವಾಯ್ತು, ಮಕ್ಕಳ ಜ್ವರಗಡ್ಡೆ ಕರಗತೊಡಗಿತು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಇಂಥ ಅನುಭವಗಳೇ ಅದಕ್ಕೆ ಧೈರ್ಯ ಕೊಟ್ಟದ್ದು. ಸ್ವಾತಂತ್ರ್ಯದ ಹೊತ್ತಿಗೆ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬರ್ತಿತ್ತು, 8 ಲಕ್ಷ ಜನ ಸಾಯ್ತಿದ್ರು ಅನ್ನೋದು ಅಂದಾಜು. 1960ರ ದಶಕದ ನಡುವೆ ಪ್ರಕರಣಗಳು ಲಕ್ಷದ ಆಸುಪಾಸಿಗೆ ಇಳಿದವು. ಕೋಟಿಯಿಂದ ಲಕ್ಷಕ್ಕೆ!

ಆದರೆ 1976ರಲ್ಲಿ ಅದು ಮತ್ತೆ 64 ಲಕ್ಷ ದಾಟಿತು. ಕಾರಣ ಒಂದಲ್ಲ. ಬಯಲು ಸೀಮೆಯ ಮುಖ್ಯ ಸೊಳ್ಳೆ ಕ್ಯುಲಿಸಿಫೇಸಿಸ್ ಡಿಡಿಟಿಗೆ ಬಗ್ಗದಂತಾಯ್ತು. ಔಷಧಿ ಪೂರೈಕೆ ಕೈಕೊಟ್ಟಿತು. ರೋಗಿಗಳನ್ನು ಹುಡುಕುವ ಕೆಲಸ ಸಡಿಲವಾಯ್ತು. ಹಬ್ಬಕ್ಕೆ ಅಂತ ಗೋಡೆಗೆ ಸುಣ್ಣ ಬಳಿದರೆ, ಸಗಣಿ ಮಣ್ಣು ಸಾರಿಸಿದರೆ ಔಷಧಿ ಅದರ ಕೆಳಗೆ ಮುಚ್ಚಿಹೋಗ್ತಿತ್ತು. ಇವೆಲ್ಲ ಬೇರೆಯದೇ ಸಂಚಿಕೆಗೆ ಆಗುವಷ್ಟು ವಿಷಯ. ನಮ್ಮ ಇವತ್ತಿನ ಪ್ರಶ್ನೆ ಬೇರೆ. ಔಷಧಿಗೆ ಬಗ್ಗುವ ಸೊಳ್ಳೆ ಕೂಡ ಹೇಗೆ ತಪ್ಪಿಸಿಕೊಳ್ತು?

ಒಬ್ಬರು ಹೋದರೆ ಇನ್ನೊಬ್ಬರು

ಮೊದಲ ಸುಳಿವು ಪೂರ್ವ ಆಫ್ರಿಕಾದಿಂದ. ಇವತ್ತಿನ ಟಾಂಜಾನಿಯಾ ಮತ್ತು ಕೆನ್ಯಾ ಗಡಿಯಲ್ಲಿ ಪಾರೆ ಮತ್ತು ಟವೇಟ ಅನ್ನೋ ಪ್ರದೇಶಗಳಿವೆ. 1950ರ ದಶಕದ ಕೊನೆಯರ್ಧದಲ್ಲಿ ಅಲ್ಲಿ ಡೀಲ್ಡ್ರಿನ್ ಅನ್ನೋ ಕೀಟನಾಶಕವನ್ನು ಮನೆಗಳಿಗೆ ಹೊಡೆದರು. ಫ್ಯುನೆಸ್ಟಸ್ ಅನ್ನೋ ಪ್ರಭೇದ, ಅಂದ್ರೆ ಮನೆಯೊಳಗೇ ಕಚ್ಚಿ ಮನೆಯೊಳಗೇ ಕೂರುವ ಸೊಳ್ಳೆ, ಬಹುತೇಕ ಕಾಣೆಯಾಯ್ತು.

ಆದರೆ ಸ್ವಲ್ಪ ದಿನದಲ್ಲೇ ಮನೆಯ ಹೊರಗಡೆ ನೋಡೋಕೆ ಹಾಗೇ ಇರುವ ಸೊಳ್ಳೆಗಳು ಹೆಚ್ಚಾದವು. ಅಯ್ಯೋ, ಫ್ಯುನೆಸ್ಟಸ್ ಬುದ್ಧಿ ಕಲಿತು ಹೊರಗೆ ಹೋಗಿಬಿಡ್ತಾ ಅಂತ ಯಾರಿಗಾದರೂ ಅನ್ನಿಸಬೇಕು. ಗಿಲೀಸ್ ಮತ್ತು ಸ್ಮಿತ್ ಎಂಬ ಸಂಶೋಧಕರು ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಗೊತ್ತಾಯ್ತು: ಇದು ಆ ಸೊಳ್ಳೆಯೇ ಅಲ್ಲ, ಅದರ ದಾಯಾದಿ. ಹೆಸರು ರಿವ್ಯುಲೋರಮ್. ದನಕರುಗಳ ರಕ್ತ ಇಷ್ಟಪಡುವ, ಹೊರಗೇ ಇರುವ ಪ್ರಭೇದ. ಫ್ಯುನೆಸ್ಟಸ್ ಖಾಲಿ ಮಾಡಿದ ಜಾಗವನ್ನು ಇದು ತುಂಬಿಕೊಂಡಿತ್ತು ಅಷ್ಟೇ. ಮಲೇರಿಯಾ ದೃಷ್ಟಿಯಿಂದ ದೊಡ್ಡ ಅಪಾಯವೂ ಅಲ್ಲ.

ಇಲ್ಲಿ ಒಂದು ಪಾಠ ಇದೆ. ಸೊಳ್ಳೆ ವರ್ತನೆ ಬದಲಾಯ್ತು ಅಂತ ಯಾರಾದ್ರೂ ಅಂದ್ರೆ ಮೊದಲು ಕೇಳಬೇಕಾದ ಪ್ರಶ್ನೆ: ಅದೇ ಸೊಳ್ಳೆನಾ? ನಮ್ಮ ಫ್ಲುವಿಯಾಟಿಲಿಸ್ ಕೂಡ ಹಾಗೇ. ಅದು ಒಂದು ಪ್ರಭೇದವಲ್ಲ, ಕಣ್ಣಿಗೆ ಒಂದೇ ಥರ ಕಾಣುವ ಪ್ರಭೇದಗಳ ಗುಂಪು ಅಂತ ವಿಜ್ಞಾನಿಗಳು ಆಮೇಲೆ ಕ್ರೋಮೋಸೋಮ್ ನೋಡಿ ಹೇಳಿದರು. ಎಸ್, ಟಿ, ಯು ಅಂತ ಅವುಗಳ ಹೆಸರು. ಎಸ್ ಮನುಷ್ಯರನ್ನು ಹುಡುಕುತ್ತೆ, ಟಿ ಮತ್ತು ಯು ಹೆಚ್ಚಾಗಿ ದನಗಳನ್ನು. ಒಂದೇ ಹೆಸರಿನ ಹಿಂದೆ ಮಲೇರಿಯಾ ಹರಡುವವರೂ ಇದ್ದಾರೆ, ಕೊಟ್ಟಿಗೆಯಲ್ಲಿ ತೃಪ್ತಿಯಾಗಿ ಇರುವವರೂ ಇದ್ದಾರೆ.

ಕಾಲು ಚಾಚಿ ಕೂತ ಜನ

ಈಗ ಸಾಲೊಮನ್ ದ್ವೀಪಗಳಿಗೆ ವಾಪಸ್ ಬರೋಣ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಅಲ್ಲಿನ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಅಮೆರಿಕ ಮತ್ತು ಜಪಾನ್ ನಡುವೆ ಭಾರೀ ಕಾಳಗ ನಡೆದಿತ್ತು. ಗುಂಡೇಟಿಗಿಂತ ಮಲೇರಿಯಾದಿಂದ ಹಾಸಿಗೆ ಹಿಡಿದ ಸೈನಿಕರೇ ಹೆಚ್ಚು. ಸೈನಿಕರು ಬಂದು ಹೋದರು. ಅಲ್ಲೇ ಹುಟ್ಟಿ ಬೆಳೆದವರಿಗೆ ಹೋಗೋಕೆ ಜಾಗ ಎಲ್ಲಿದೆ?

1960ರ ದಶಕದ ಆರಂಭದಲ್ಲಿ ಗ್ವಾಡಲ್‌ಕನಾಲ್ ಮತ್ತು ಪಕ್ಕದ ಸಾವೊ ದ್ವೀಪದಲ್ಲಿ ಡಿಡಿಟಿ ಪ್ರಯೋಗ ನಡೆಯಿತು. ಅದು ಯಶಸ್ವಿಯಾದ ಮೇಲೆ 1970ರಿಂದ ದ್ವೀಪಸಮೂಹದ ತುಂಬಾ ನಿರ್ಮೂಲನಾ ಕಾರ್ಯಕ್ರಮ.

ಅಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಗಳು ಮೂರು: ಪಂಕ್ಚುಲೇಟಸ್, ಕೋಲಿಯೆನ್ಸಿಸ್ ಮತ್ತು ಫರೌಟಿ. ಮೊದಲ ಎರಡು ತಡರಾತ್ರಿಯವು, ಮನೆಯೊಳಗೆ ಬಂದು ಕಚ್ಚುವಂಥವು. ಮೂರನೆಯದಾದ ಫರೌಟಿ ಕರಾವಳಿಯದು. ಸಮುದ್ರದ ಪಕ್ಕದ ಉಪ್ಪುನೀರು ಬೆರೆತ ಹಿನ್ನೀರಲ್ಲೂ ಹುಟ್ಟುತ್ತೆ. ಅದು ಒಳಗೂ ಕಚ್ಚುತ್ತೆ, ಹೊರಗೂ ಕಚ್ಚುತ್ತೆ, ಸಂಜೆಯೂ ಕಚ್ಚುತ್ತೆ, ರಾತ್ರಿಯೂ ಕಚ್ಚುತ್ತೆ.

ಸೊಳ್ಳೆ ಎಷ್ಟು ಗಂಟೆಗೆ ಕಚ್ಚುತ್ತೆ ಅಂತ ಹೇಗೆ ಗೊತ್ತಾಗುತ್ತೆ ಅಂತೀರಾ? ಇದಕ್ಕೆ ಯಾವ ಮೆಷಿನ್ನೂ ಇರಲಿಲ್ಲ. ಒಬ್ಬ ಮನುಷ್ಯ ಮನೆಯೊಳಗೆ, ಇನ್ನೊಬ್ಬ ಹೊರಗೆ, ಮೊಣಕಾಲಿನವರೆಗೆ ಬಟ್ಟೆ ಸರಿಸಿ ಕಾಲು ಚಾಚಿ ಕೂರಬೇಕು. ಸೊಳ್ಳೆ ಬಂದು ಕಾಲಿನ ಮೇಲೆ ಕೂತ ತಕ್ಷಣ ಟಾರ್ಚ್ ಹಾಕಿ, ಒಂದು ಕೊಳವೆಯಿಂದ ಹೀರಿ ಹಿಡಿಯಬೇಕು. ಪ್ರತಿ ಗಂಟೆಗೂ ಬೇರೆ ಬೇರೆ ಡಬ್ಬಿ. ಹೀಗೆ ಸಂಜೆ ಆರರಿಂದ ಬೆಳಗಿನವರೆಗೆ. ಮಲೇರಿಯಾದ ಇತಿಹಾಸದಲ್ಲಿ ನಾವು ಕೇಳೋದು ದೊಡ್ಡ ದೊಡ್ಡ ವಿಜ್ಞಾನಿಗಳ ಹೆಸರು. ಆದರೆ ಅವರ ಗ್ರಾಫ್‌ಗಳ ಒಂದೊಂದು ಚುಕ್ಕಿಯ ಹಿಂದೆಯೂ ನಿದ್ದೆಗೆಟ್ಟು ಸೊಳ್ಳೆಗೆ ಕಾಲು ಕೊಟ್ಟು ಕೂತ ಹಳ್ಳಿಯವರಿದ್ದಾರೆ. ಅವರ ಹೆಸರು ಯಾವ ಪುಸ್ತಕದಲ್ಲೂ ಸಿಗಲ್ಲ.

ಹೀಗೆ ಎಣಿಸಿದಾಗ ಚಿತ್ರ ಸ್ಪಷ್ಟವಾಯ್ತು. ಸಿಂಪಡಣೆಯ ನಂತರ ಪಂಕ್ಚುಲೇಟಸ್ ಮತ್ತು ಕೋಲಿಯೆನ್ಸಿಸ್ ಹೆಚ್ಚಿನ ಕಡೆ ಸಿಗದಷ್ಟು ಕಡಿಮೆಯಾದವು. ಗೋಡೆ ಗೆದ್ದಿತ್ತು. ಆದರೆ ಫರೌಟಿ ಉಳೀತು, ಮತ್ತು ಅದರ ಗಡಿಯಾರ ಬದಲಾಗಿತ್ತು. 1975ರಲ್ಲಿ ಬಿ. ಟೇಲರ್ ಎಂಬ ಕೀಟತಜ್ಞರು ಇದನ್ನು ಪ್ರಕಟಿಸಿದರು. ಮೊದಲು ರಾತ್ರಿಯ ಉದ್ದಕ್ಕೂ ಹರಡಿಕೊಂಡಿದ್ದ ಕಡಿತ, ಈಗ ಕತ್ತಲಾದ ಮೊದಲ ಕೆಲವು ಗಂಟೆಗಳಿಗೆ ಜಾರಿತ್ತು. ಅದೂ ಹೆಚ್ಚಾಗಿ ಮನೆಯ ಹೊರಗೆ.

ಅಲ್ಲಿ ಸೂರ್ಯ ಮುಳುಗೋದು ಆರು, ಆರೂವರೆಗೆ. ಏಳು ಗಂಟೆಗೆ ಜನ ಎಲ್ಲಿರ್ತಾರೆ? ಒಲೆ ಮುಂದೆ, ಅಂಗಳದಲ್ಲಿ, ಮಕ್ಕಳ ಜೊತೆ ಮಾತಾಡ್ತಾ. ಹಾಸಿಗೆಯಲ್ಲಂತೂ ಅಲ್ಲ. ಗೋಡೆ ಕಾಯ್ತಾ ಇದೆ, ಗೋಡೆಯಲ್ಲಿ ಔಷಧಿಯೂ ಇದೆ. ಆದರೆ ಸೊಳ್ಳೆ ಮತ್ತು ಮನುಷ್ಯ ಭೇಟಿ ಆಗ್ತಿರೋದು ಅಂಗಳದಲ್ಲಿ.

ಒಗಟಿಗೆ ಉತ್ತರ ಸಿಕ್ಕಿತು ಅಲ್ವಾ? ಅರ್ಧ ಮಾತ್ರ.

ಸೊಳ್ಳೆ ಕಲಿಯಿತಾ?

ಸೊಳ್ಳೆ ಬುದ್ಧಿವಂತ ಆಯ್ತು, ಪಾಠ ಕಲಿಯಿತು ಅಂತ ನಾವು ಸುಲಭವಾಗಿ ಹೇಳ್ತೀವಿ. ಆದರೆ ಡಿಡಿಟಿ ತಗುಲಿದ ಸೊಳ್ಳೆ ಸತ್ತೇಹೋಗುತ್ತೆ, ಸತ್ತವರು ಪಾಠ ಕಲಿಯಲ್ಲ. ಇಲ್ಲಿ ನಡೆಯೋದು ಬೇರೆ.

ಒಂದು ಊರಿನ ಸೊಳ್ಳೆಗಳಲ್ಲಿ ಮೊದಲಿಂದಲೂ ವ್ಯತ್ಯಾಸ ಇರುತ್ತೆ. ಕೆಲವು ಬೇಗ ಕಚ್ಚುತ್ತವೆ, ಕೆಲವು ತಡವಾಗಿ. ತಡರಾತ್ರಿ ಮನೆಯೊಳಗೆ ಬರುವವು ಸತ್ತರೆ, ಸಂಜೆ ಹೊರಗೆ ಕಚ್ಚುವವುಗಳ ಸಂತಾನ ಉಳಿಯುತ್ತೆ. ಆ ಸ್ವಭಾವ ಸ್ವಲ್ಪವಾದರೂ ವಂಶದಲ್ಲಿ ಹರಿದು ಬರುವಂಥದ್ದಾದರೆ, ಕೆಲವೇ ವರ್ಷಗಳಲ್ಲಿ ಊರಿನ ಸೊಳ್ಳೆಗಳ ಟೈಮ್‌ಟೇಬಲ್ಲೇ ಬದಲಾಗುತ್ತೆ. ಯಾವ ಸೊಳ್ಳೆಯೂ ಬದಲಾಗಿರಲ್ಲ, ಉಳಿದವರ ಪಟ್ಟಿ ಬದಲಾಗಿರುತ್ತೆ.

ಇನ್ನೊಂದು ಕಾರಣವೂ ಇದೆ. ಡಿಡಿಟಿ ಬರೀ ಕೊಲ್ಲಲ್ಲ, ಕೆಣಕುತ್ತೆ ಕೂಡ. ಪನಾಮಾದ ಚಾಗ್ರೆಸ್ ನದಿಯ ದಂಡೆಯ ಹಳ್ಳಿಗಳಲ್ಲಿ 1944ರಿಂದ ಡಿಡಿಟಿ ಹೊಡೀತಿದ್ರು. ಅಲ್ಲಿ ಹ್ಯಾರಲ್ಡ್ ಟ್ರಾಪಿಡೊ ಎಂಬ ವಿಜ್ಞಾನಿ ಗಮನಿಸಿದ ಪ್ರಕಾರ, ಆಲ್ಬಿಮಾನಸ್ ಅನ್ನೋ ಸೊಳ್ಳೆ ಮನೆಯೊಳಗೆ ಬರುತ್ತೆ, ಕಚ್ಚುತ್ತೆ, ಆದರೆ ಸಾಯುವಷ್ಟು ಹೊತ್ತು ಗೋಡೆಯ ಮೇಲೆ ಕೂರದೆ ಹೊರಟುಹೋಗುತ್ತೆ. ಕಾದ ಹೆಂಚಿನ ಮೇಲೆ ಕೈ ಇಟ್ಟ ಹಾಗೆ. ಕೈ ಸುಡೋಕೆ ಮುಂಚೆ ನಾವು ಎಳ್ಕೊಂಡಿರ್ತೀವಿ.

ಹಾಗಾಗಿ ವರ್ತನೆ ಬದಲಾಯ್ತು ಅನ್ನೋ ಒಂದೇ ವಾಕ್ಯದ ಒಳಗೆ ಕನಿಷ್ಠ ಮೂರು ಬೇರೆ ಬೇರೆ ಕಥೆಗಳಿವೆ. ಬೇರೆ ಪ್ರಭೇದ ಬಂದಿರಬಹುದು, ಅದೇ ಪ್ರಭೇದದಲ್ಲಿ ಬೇರೆ ಸ್ವಭಾವದವು ಉಳಿದಿರಬಹುದು, ಅಥವಾ ಔಷಧಿಯ ಕಿರಿಕಿರಿಗೆ ಸೊಳ್ಳೆ ಎದ್ದು ಹೋಗ್ತಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ.

ಗಾರ್ಕಿ: ಎಲ್ಲ ಸರಿ ಮಾಡಿಯೂ ಸೋತದ್ದು

1969ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ನಿರ್ಮೂಲನೆಯ ಗುರಿಯಿಂದ ಹಿಂದೆ ಸರಿಯಿತು. ಅದೇ ವರ್ಷ ಉತ್ತರ ನೈಜೀರಿಯಾದ ಗಾರ್ಕಿ ಜಿಲ್ಲೆಯಲ್ಲಿ, ನೈಜೀರಿಯಾ ಸರ್ಕಾರದ ಜೊತೆ ಸೇರಿ ಒಂದು ದೊಡ್ಡ ಅಧ್ಯಯನ ಶುರುಮಾಡಿತು. 1976ರವರೆಗೆ ನಡೆದ ಈ ಗಾರ್ಕಿ ಯೋಜನೆಯ ಪ್ರಶ್ನೆ ಸರಳ: ಹಣ, ಜನ, ಶಿಸ್ತು ಎಲ್ಲ ಇದ್ದರೆ ಆಫ್ರಿಕಾದ ಸವನ್ನಾ ಬಯಲಲ್ಲಿ ಮಲೇರಿಯಾ ನಿಲ್ಲಿಸಬಹುದಾ?

ಪ್ರೊಪಾಕ್ಸರ್ ಅನ್ನೋ ಪರಿಣಾಮಕಾರಿ ಕೀಟನಾಶಕ ತಂದರು. ಬಿಟ್ಟ ಮನೆ ಬಹಳ ಕಡಿಮೆ. ಕೆಲವು ಹಳ್ಳಿಗಳಲ್ಲಿ ಸಿಂಪಡಣೆ ಮಾತ್ರ, ಇನ್ನು ಕೆಲವು ಕಡೆ ಸಿಂಪಡಣೆಯ ಜೊತೆ ಊರಿಗೆಲ್ಲ ಮಾತ್ರೆ. ಸೊಳ್ಳೆಗಳ ಸಂಖ್ಯೆ ಬಹಳವೇ ಕಡಿಮೆಯಾಯ್ತು. ಆದರೆ ಸಿಂಪಡಣೆ ಮಾತ್ರ ನಡೆದ ಹಳ್ಳಿಗಳಲ್ಲಿ ಜನರ ರಕ್ತದಲ್ಲಿನ ರೋಗಾಣು ಹೆಚ್ಚುಕಮ್ಮಿ ಹಾಗೇ ಇತ್ತು. ಮಾತ್ರೆ ಸೇರಿದ ಕಡೆ ಚೆನ್ನಾಗಿ ಇಳೀತು, ಆದರೆ ನಿಲ್ಲಲಿಲ್ಲ. ಮಾತ್ರೆ ನಿಂತಮೇಲೆ ವಾಪಸ್ ಬಂತು.

ಅಲ್ಲಿ ಸೊಳ್ಳೆಗಳ ಸಂಖ್ಯೆ ಮೊದಲೇ ವಿಪರೀತ ಇತ್ತು ಅನ್ನೋದು ದೊಡ್ಡ ಕಾರಣ. ಆದರೆ ಇನ್ನೊಂದು ಕಾರಣವನ್ನು ಇಟಲಿಯ ಮಾರಿಯೊ ಕೊಲುಝಿ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದಲ್ಲಿ ಕಂಡರು. ಮನೆಯೊಳಗೆ ವಿಶ್ರಾಂತಿ ತಗೊಳ್ಳುವ ಸೊಳ್ಳೆಗಳ ಮತ್ತು ಹೊರಗೆ ವಿಶ್ರಾಂತಿ ತಗೊಳ್ಳುವ ಸೊಳ್ಳೆಗಳ ಕ್ರೋಮೋಸೋಮ್ ಮಾದರಿಗಳ ಪ್ರಮಾಣ ಒಂದೇ ಆಗಿರಲಿಲ್ಲ! 1979ರಲ್ಲಿ ಇದನ್ನು ಪ್ರಕಟಿಸಿದರು. ಅರ್ಥ ಏನು? ಇವತ್ತು ಹೊರಗೆ ಕೂತ ಸೊಳ್ಳೆ ನಾಳೆ ಒಳಗೆ ಕೂರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಕೆಲವು ಹುಟ್ಟಿನಿಂದಲೇ ಹೊರಗೆ ಕೂರುವ ಒಲವಿನವು.

ಇದು ಯಾಕೆ ಇಷ್ಟು ಮುಖ್ಯ? ಮತ್ತೆ ನಮ್ಮ ಚಕ್ರಬಡ್ಡಿ ಲೆಕ್ಕಕ್ಕೆ ಹೋಗೋಣ. ಗೋಡೆ ಮುಟ್ಟುವ ದಿನ 100ಕ್ಕೆ 70 ಬದುಕುತ್ತವೆ, ಹೊರಗೇ ಉಳಿದ ದಿನ 90. ಒಟ್ಟು ವಿಶ್ರಾಂತಿಯಲ್ಲಿ 30 ಪರ್ಸೆಂಟ್ ಹೊರಗೆ ನಡೆಯುತ್ತೆ ಅಂದುಕೊಳ್ಳಿ.

ಮೊದಲ ಊರು: ಪ್ರತಿ ಸೊಳ್ಳೆಯೂ ಕೆಲವು ದಿನ ಒಳಗೆ, ಕೆಲವು ದಿನ ಹೊರಗೆ. ಸರಾಸರಿ ದಿನಕ್ಕೆ 76 ಬದುಕುತ್ತವೆ. 12 ದಿನ ಆದಮೇಲೆ 100ರಲ್ಲಿ ಉಳಿಯೋದು ನಾಲ್ಕಕ್ಕಿಂತ ಕಡಿಮೆ. ಎರಡನೇ ಊರು: 70 ಸೊಳ್ಳೆ ಯಾವಾಗಲೂ ಒಳಗೆ, 30 ಸೊಳ್ಳೆ ಯಾವಾಗಲೂ ಹೊರಗೆ. ಒಳಗಿನ 70ರಲ್ಲಿ ಒಂದು ಉಳಿಯುತ್ತೆ. ಹೊರಗಿನ 30ರಲ್ಲಿ ಎಂಟು ಉಳಿಯುತ್ತವೆ. ಒಟ್ಟು ಒಂಬತ್ತು.

ಎರಡೂ ಊರಲ್ಲಿ ಒಂದು ರಾತ್ರಿ ಎಣಿಸಿದರೆ ನಿಮಗೆ ಕಾಣೋದು ಒಂದೇ ಥರದ ಅಂಕಿ, 70 ಒಳಗೆ, 30 ಹೊರಗೆ. ಆದರೆ ಮಲೇರಿಯಾ ಹರಡುವಷ್ಟು ಮುದಿಯಾಗುವ ಸೊಳ್ಳೆಗಳು ಎರಡನೇ ಊರಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಯಾಕಂದ್ರೆ ಅಲ್ಲಿ ಒಂದು ಗುಂಪಿಗೆ ಗೋಡೆಯ ಪರಿಚಯವೇ ಇಲ್ಲ.

ಈ ಇತಿಹಾಸ ಓದುತ್ತಾ ನನಗೆ ಸಿಕ್ಕಿದ ಮುಖ್ಯ ಮಾತು ಇದೇ. ಎಷ್ಟು ಸೊಳ್ಳೆ ಹೊರಗೆ ಕಚ್ಚುತ್ತವೆ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ದಿನಾ ಹೊರಗೆ ಕಚ್ಚೋದು ಅವೇ ಸೊಳ್ಳೆಗಳಾ?

ಬಣ್ಣದ ಪುಡಿ

ಹಾಗಾದರೆ ಸಾಲೊಮನ್‌ನ ಫರೌಟಿ ಯಾವ ಊರಿನದು, ಮೊದಲನೆಯದಾ ಎರಡನೆಯದಾ? ಟೇಲರ್ ಅವರ ಕಾಲದಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಅಷ್ಟರಲ್ಲಿ ದ್ವೀಪಗಳಲ್ಲಿ ಕಾಯಿಲೆ ಮತ್ತೆ ಏರಿತು. 1978ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ನಿರ್ಮೂಲನೆಯ ಹುಮ್ಮಸ್ಸು ಇಳಿದಿತ್ತು, ಸಿಂಪಡಣೆಯ ಬಿಗಿ ಸಡಿಲವಾಗಿತ್ತು. 1990ರ ದಶಕದ ಆರಂಭಕ್ಕೆ ವರ್ಷಕ್ಕೆ ಸಾವಿರ ಜನಕ್ಕೆ 400ಕ್ಕೂ ಹೆಚ್ಚು ಪ್ರಕರಣ. ಎಲ್ಲಾ ತಪ್ಪನ್ನೂ ಸೊಳ್ಳೆಯ ಗಡಿಯಾರದ ಮೇಲೆ ಹಾಕೋಕೆ ಆಗಲ್ಲ. ಆಮೇಲೆ ಔಷಧಿ ಲೇಪಿಸಿದ ಸೊಳ್ಳೆಪರದೆಗಳು ಬಂದವು, ಕಾಯಿಲೆ ಮತ್ತೆ ಗಣನೀಯವಾಗಿ ಇಳೀತು. ಇಲ್ಲೊಂದು ವಿಚಿತ್ರ ನೋಡಿ: ಸೊಳ್ಳೆ ಸಂಜೆ ಹೊರಗೆ ಕಚ್ಚುತ್ತೆ, ಪರದೆ ಇರೋದು ರಾತ್ರಿ ಹಾಸಿಗೆಯ ಮೇಲೆ. ಹಾಗಿದ್ದೂ ಪರದೆ ಹೇಗೆ ಕೆಲಸ ಮಾಡ್ತು?

2010ರ ದಶಕದಲ್ಲಿ ಸಂಶೋಧಕರು ಒಂದು ಹಳ್ಳಿಯಲ್ಲಿ ಫರೌಟಿ ಸೊಳ್ಳೆಗಳನ್ನು ಹಿಡಿದು, ಸಿಕ್ಕ ಜಾಗ ಮತ್ತು ಹೊತ್ತಿಗೆ ತಕ್ಕಂತೆ ಬೇರೆ ಬೇರೆ ಬಣ್ಣದ ಪುಡಿ ಹಚ್ಚಿ ಬಿಟ್ಟರು. ಆಮೇಲೆ ಮತ್ತೆ ಹಿಡಿದಾಗ ಅದೇ ಬಣ್ಣ ಅದೇ ಜಾಗಕ್ಕೆ ಬರುತ್ತಾ ಅಂತ ನೋಡಿದರು. ಬರಲಿಲ್ಲ. ಹೊರಗೆ ಸಿಕ್ಕಿದ್ದ ಸೊಳ್ಳೆ ಒಳಗೂ ಬಂತು, ಒಳಗಿನದು ಹೊರಗೂ ಸಿಕ್ಕಿತು. ಒಳಗಿನ ಜಾತಿ, ಹೊರಗಿನ ಜಾತಿ ಅಂತ ಎರಡಿಲ್ಲ, ಎಲ್ಲವೂ ಒಂದೇ ಗುಂಪು. 2016ರಲ್ಲಿ ಇದು ಪ್ರಕಟವಾಯ್ತು.

ಅಂದ್ರೆ ಫರೌಟಿ ನಮ್ಮ ಲೆಕ್ಕದ ಮೊದಲ ಊರಿನದು. ಹೆಚ್ಚು ಸಲ ಅಂಗಳದಲ್ಲಿ ಕಚ್ಚಿದರೂ, ಎರಡು ಮೂರು ದಿನಕ್ಕೊಮ್ಮೆ ರಕ್ತಕ್ಕೆ ಬರುವ ಸೊಳ್ಳೆ ತನ್ನ ಆಯುಷ್ಯದಲ್ಲಿ ಒಂದಲ್ಲ ಒಂದು ಸಲ ಮನೆಯೊಳಗೆ ಬಂದೇ ಬರುತ್ತೆ. ಬಂದಾಗ ಗೋಡೆಯೋ ಪರದೆಯೋ ಅದನ್ನು ಹಿಡಿಯುತ್ತೆ. ಹಾಗಾಗಿ ಸಂಜೆಯ ಸೊಳ್ಳೆಯ ಮುಂದೆ ಗೋಡೆ ಪೂರ್ತಿ ಸೋತಿರಲಿಲ್ಲ. ಒಂಟಿಯಾಗಿ ಗೆಲ್ಲೋಕೆ ಆಗಲಿಲ್ಲ, ಅಷ್ಟೇ.

ಇವತ್ತಿಗೆ ಇದರಿಂದ ಏನು?

ಭಾರತ 2030ರೊಳಗೆ ಮಲೇರಿಯಾ ಇಲ್ಲದ ದೇಶ ಆಗಬೇಕು ಅನ್ನೋ ಗುರಿ ಇಟ್ಟುಕೊಂಡಿದೆ. ಕರ್ನಾಟಕದಲ್ಲಿ ಪ್ರಕರಣ ಬಹಳ ಇಳಿದಿವೆ. ಇಂಥ ಹೊತ್ತಲ್ಲೇ ಹಳೆಯ ಈ ಕಥೆ ಬೇಕಾಗೋದು, ಯಾಕಂದ್ರೆ ಸುಲಭಕ್ಕೆ ಸಿಗುವ ಸೊಳ್ಳೆ ಮೊದಲು ಹೋಗುತ್ತೆ. ಕೊನೆಗೆ ಉಳಿಯೋದು ನಮ್ಮ ವಿಧಾನಕ್ಕೆ ಸಿಗದ ಸೊಳ್ಳೆ.

ಮಂಗಳೂರನ್ನೇ ನೋಡಿ. ಒಂದು ಕಾಲಕ್ಕೆ ರಾಜ್ಯದ ಮಲೇರಿಯಾದ ದೊಡ್ಡ ಪಾಲು ಅಲ್ಲಿನದೇ. ಕಾರಣ ಹಳ್ಳದ ಫ್ಲುವಿಯಾಟಿಲಿಸ್ ಅಲ್ಲ, ಊರಿನ ಸೊಳ್ಳೆ ಸ್ಟೆಫೆನ್ಸಿ. ಕಟ್ಟಡ ಕಟ್ಟುವ ಜಾಗದ ನೀರು, ತಾರಸಿಯ ಟ್ಯಾಂಕು, ಇಂಥಲ್ಲಿ ಹುಟ್ಟುತ್ತೆ. ಆ ಕಟ್ಟಡದಲ್ಲೇ ಶೆಡ್ ಹಾಕ್ಕೊಂಡು ಮಲಗುವ ಕಾರ್ಮಿಕರಿಗೆ ಮೊದಲು ಕಚ್ಚುತ್ತೆ. ಅವರ ಮನೆಗೆ ಗೋಡೆಯೇ ಇಲ್ಲ, ತಗಡಿದೆ, ತಾರ್ಪಾಲಿದೆ. 1946ರ ಉಪಾಯ ಅಲ್ಲಿ ಯಾವುದಕ್ಕೆ ಹೊಡೆಯೋದು? ಟ್ಯಾಂಕಿಗೆ ಮುಚ್ಚಳ ಹಾಕೋದು, ಜ್ವರ ಬಂದವರ ರಕ್ತ ತಕ್ಷಣ ಪರೀಕ್ಷೆ ಮಾಡೋದು, ಇವೇ ಅಲ್ಲಿ ಕೆಲಸಕ್ಕೆ ಬರೋದು. ಇದೇ ಸ್ಟೆಫೆನ್ಸಿ 2012ರಲ್ಲಿ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ ಕಾಣಿಸಿಕೊಂಡು ಈಗ ಆಫ್ರಿಕಾದ ನಗರಗಳಿಗೆ ತಲೆನೋವಾಗಿದೆ.

ಹಾಗಾಗಿ ಮುಂದಿನ ಸಲ ನಿಮ್ಮ ಊರಿಗೆ ಸಿಂಪಡಣೆಯವರು ಬಂದರೆ ಬಾಗಿಲು ಹಾಕ್ಕೋಬೇಡಿ. ಆ ಗೋಡೆ ಉತ್ತರ ಕನ್ನಡದ ಒಂದು ತಲೆಮಾರನ್ನು ಉಳಿಸಿದೆ. ಹಾಗಂತ ಗೋಡೆಗೆ ಔಷಧಿ ಬಿತ್ತು ಅಂತ ನಿಶ್ಚಿಂತರಾಗಲೂಬೇಡಿ. ಸಂಜೆ ಕಟ್ಟೆ ಮೇಲೆ ಕೂತು ರೀಲ್ಸ್ ನೋಡುವಾಗ ಕಾಲು ಮುಚ್ಚುವ ಪ್ಯಾಂಟ್ ಇರಲಿ. ಚಳಿ ಬಿಟ್ಟು ಬಿಟ್ಟು ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಸುಮ್ಮನಾಗದೆ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಮಲೇರಿಯಾ ಕಾರ್ಯಕ್ರಮ ನಡೆಸುವವರಿಗೆ ಸಾಲೊಮನ್ ಮತ್ತು ಗಾರ್ಕಿ ಹೇಳೋದು ಒಂದೇ ಮಾತು. ಎಷ್ಟು ಮನೆಗೆ ಹೊಡೆದಿರಿ ಅನ್ನೋ ಲೆಕ್ಕ ಬರೆಯೋದು ಸುಲಭ. ಸೊಳ್ಳೆ ಎಲ್ಲಿದೆ, ಎಷ್ಟು ಹೊತ್ತಿಗಿದೆ, ಯಾವ ಸೊಳ್ಳೆ ಅನ್ನೋ ಲೆಕ್ಕ ಕಷ್ಟದ್ದು, ಅದಕ್ಕೆ ಯಾರೋ ರಾತ್ರಿಯಿಡೀ ಎಚ್ಚರ ಇರಬೇಕು. ಆ ಎರಡನೇ ಲೆಕ್ಕ ನಿಂತ ಕಡೆ ಮೊದಲನೇ ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಹಿರಿಯರ ಹತ್ತಿರ ಚಳಿಜ್ವರದ, ಡಿಡಿಟಿ ಹೊಡೆಯೋರ ನೆನಪು ಇದ್ದರೆ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆ ತಲೆಮಾರು ಹೆಚ್ಚು ದಿನ ನಮ್ಮ ಜೊತೆ ಇರಲ್ಲ.